ಕಿವಿ ಹೊರಗಿನ ಇನ್ಫೆಕ್ಷನ್ ಜೋರಾದ್ರ: ಡ್ರಾಪ್ಸೋ, ಗುಳಿಗಿಯೋ, ಬತ್ತಿಯೋ, ಅಡ್ಮಿಟ್ಟೋ?

ಕಿವಿಗೆ ಯಾವ ಡ್ರಾಪ್ಸ್ ಛಲೋ ಅಂತ ಕೇಳೋರು ಭಾಳ ಮಂದಿ, ಆದ್ರ ಆ ಡ್ರಾಪ್ಸ್ ಒಳಗ ಹೋಗಿ ಮುಟ್ಟಾಕ ದಾರಿ ಐತೋ ಇಲ್ಲೋ ಅಂತ ಕೇಳೋರು ಯಾರೂ ಇಲ್ಲ, ಇನ್ಫೆಕ್ಷನ್ ಜೋರಾದಾಗ ಅರ್ಧ ಆಟ ಇರೋದ ಅಲ್ಲಿ. ನಾ ಹುಬ್ಬಳ್ಳಿಯೊಳಗ ಮೆಡಿಕಲ್ ಶಾಪಿನ ಕೌಂಟರಿನ್ಯಾಗ ನಿಲ್ಲೋ ಫಾರ್ಮಸಿಸ್ಟ್, ಡಾಕ್ಟರ್ ಅಲ್ಲ. ಬ್ಯಾಸಗಿ ಸೂಟಿಯೊಳಗ ಹುಡುಗ್ರು ಬಾವಿ, ಹೊಳಿ, ಸ್ವಿಮಿಂಗ್ ಪೂಲ್ ಅಂತ ಈಸಾಕ ಹೊಂಟ್ರಂದ್ರ ಕಿವಿ ಹಿಡ್ಕೊಂಡು ಬರೋರು ಚಾಲೂ ಆಗತಾರ, ಮಳಿಗಾಲ ಮುಗಿಯೋತನಕ ನಿಲ್ಲಂಗಿಲ್ಲ. ಬಂದೋರೆಲ್ಲ ಒಂದ ಮಾತು, "ಡ್ರಾಪ್ಸ್ ಕೊಡ್ರಿ ಸಾಕು." ಕೆಲವ್ರಿಗೆ ಅದು ಖರೇನ ಸಾಕು, ಕೆಲವ್ರಿಗೆ ಅದು ಏನೇನೂ ಅಲ್ಲ, ಯಾರಿಗೆ ಯಾವುದು ಅನ್ನೋದನ್ನ ನನಗ ತಿಳಿದಷ್ಟು ಬರೀತೀನಿ.

ಮೊದಲ ಒಂದು ವಿಷಯ ಖಾತ್ರಿ ಮಾಡ್ಕೋರಿ, ಬ್ಯಾನಿ ಹೊರಕಿವಿದೋ, ಕಿವಿ ಒಳಗಿನ ತೆಳ್ಳನ ಪಡದಾದ ಹಿಂದಿಂದೋ (ಅಂದ್ರ ನಡುಕಿವಿದೋ). ಕಿವಿಯನ್ನ ಮೆಲ್ಲಕ ಮ್ಯಾಲಕ್ಕ ಹಿಂದಕ್ಕ ಜಗ್ಗಿ ನೋಡ್ರಿ, ಇಲ್ಲಂದ್ರ ಕಿವಿ ತೂತಿನ ಮುಂದ ಸಣ್ಣ ಗಡ್ಡಿ ಐತೆಲ್ಲ ಅದನ್ನ ಒತ್ತಿ ನೋಡ್ರಿ, ಜೀವ ಹೋದಂಗಾದ್ರ ಅದು ಬಹುತೇಕ ಹೊರಕಿವಿದ. ನೆಗಡಿ ಕೆಮ್ಮು ಆಗಿ, ಜ್ವರ ಬಂದು, ಒಳಗ ಎಲ್ಲೋ ಆಳದಾಗ ಬ್ಯಾನಿ ಆಗಿ, ಆಮ್ಯಾಲ ಒಮ್ಮೆಲೇ ಕೀವು ಸೋರಿ ಬ್ಯಾನಿ ಕಡಿಮಿ ಆತಂದ್ರ ಅದು ನಡುಕಿವಿದು, ಅದರ ಕತಿ ಬ್ಯಾರೆ. ಸಣ್ಣ ಮಕ್ಕಳಿಗೆ ಹೆಚ್ಚಾಗಿ ಆಗೋದು ಈ ನಡುಕಿವಿದ, ಹಿಂಗಾಗಿ ಕೂಸಿಗೆ ಕಿವಿ ಬ್ಯಾನಿ ಅಂದ್ರ ನಾನಂತೂ ನನ್ನ ಕೈಯಾರೆ ಡ್ರಾಪ್ಸ್ ಕೊಡಂಗಿಲ್ಲ, ತೋರಿಸ್ಕೊಂಡ ಬರ್ರಿ ಅಂತೀನಿ.

ಇನ್ನ ಇದು ಆಗೋದ್ಯಾಕ ಅಂದ್ರ, ದೊಡ್ಡೋರ ಕಿವಿ ಕೊಳವಿ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ, ಒಳಗಿನ ಭಾಗದಾಗ ಎಲುಬಿನ ಮ್ಯಾಲ ತೆಳ್ಳಗ ಚರ್ಮ ಅಂಟ್ಕೊಂಡಿರತೈತಿ, ಬಾವು ಬಂದ್ರ ಅಗಲ ಆಗಾಕ ಜಾಗಾನ ಇಲ್ಲ, ಅದಕ್ಕ ಇಷ್ಟೊಂದು ಬ್ಯಾನಿ. ಗುಗ್ಗಿ ಅಂತ ನಾವು ಹೇಸಿಗಿ ಮಾಡ್ಕೊಂಡು ತಗಿಯೋದು ಸ್ವಲ್ಪ ಆಮ್ಲೀಯ ಇರತೈತಿ, ನೀರು ನಿಲ್ಲಂಗಿಲ್ಲ, ಸೂಕ್ಷ್ಮಜೀವಿ ಬೆಳಿಯಾಕ ಬಿಡಂಗಿಲ್ಲ. ಅದನ್ನ ಹೇರ್‌ಪಿನ್, ಬಡ್ಸ್, ಬೈಕ್ ಚಾವಿ ಹಾಕಿ ಕೆರದು ತಗದು, ಮ್ಯಾಲ ನೀರು ಹೊಕ್ಕು, ಮ್ಯಾಲ ಹೆಲ್ಮೆಟ್ಟು ಇಯರ್‌ಫೋನು ಹಾಕಿ ಬೆವತ್ರ ಸುಡೋಮೊನಾಸ್, ಸ್ಟೆಫೈಲೊಕಾಕಸ್ ಅನ್ನೋ ಬ್ಯಾಕ್ಟೀರಿಯಾಗೋಳಿಗೆ ಕರದು ಮಣಿ ಹಾಕಿ ಕೂಡಿಸಿದಂಗ.

ಡ್ರಾಪ್ಸ್ ವರ್ಸಸ್ ಗುಳಿಗಿ

ನಮ್ಮ ಕಡೆ ಮಂದಿಗೆ ಗುಳಿಗಿ ಮ್ಯಾಲ ಭಾಳ ನಂಬಿಕಿ, ಡ್ರಾಪ್ಸ್ ಅಂದ್ರ ಮ್ಯಾಲಿನ ಔಷಧ, ಗುಳಿಗಿ ಅಂದ್ರ ಒಳಗಿಂದ ಗುಣ ಮಾಡತೈತಿ ಅಂತ. ಹೊರಕಿವಿ ವಿಷಯದಾಗ ಇದು ಉಲ್ಟಾ. ಲೆಕ್ಕ ನೋಡ್ರಿ, ಸಿಪ್ರೊಫ್ಲಾಕ್ಸಸಿನ್ ಡ್ರಾಪ್ಸ್ 0.3% ಅಂತ ಬಾಟ್ಲಿ ಮ್ಯಾಲ ಬರದಿರತೈತಿ, ಅಂದ್ರ ಒಂದು ಎಂ.ಎಲ್.ನ್ಯಾಗ 3 ಮಿಲಿಗ್ರಾಂ, ಅಂದ್ರ 3000 ಮೈಕ್ರೊಗ್ರಾಂ. ಅದ ಔಷಧದ ಗುಳಿಗಿ ನುಂಗಿದ್ರ ರಕ್ತದೊಳಗ ಪ್ರತಿ ಎಂ.ಎಲ್.ಗೆ ಸಿಗೋದು ಕೈಬೆರಳಿನ ಲೆಕ್ಕದ ಮೈಕ್ರೊಗ್ರಾಂ ಅಷ್ಟ. ಡ್ರಾಪ್ಸ್ ನೇರ ಜಾಗಕ್ಕ ಹೋಗತೈತಿ, ಅಷ್ಟು ಗಟ್ಟಿ ಔಷಧದ ಮುಂದ ಸಾದಾ ರೆಸಿಸ್ಟೆಂಟ್ ಬ್ಯಾಕ್ಟೀರಿಯಾನೂ ತಡಿಯೋದು ಕಷ್ಟ. ಅಮೆರಿಕದ ಇ.ಎನ್.ಟಿ. ಡಾಕ್ಟರ್‌ಗಳ ಸಂಘದ 2014ರ ಗೈಡ್‌ಲೈನ್‌ದಾಗೂ ಇದನ್ನ ಹೇಳ್ಯಾರ, ಇನ್ಫೆಕ್ಷನ್ ಕಿವಿ ಕೊಳವಿ ದಾಟಿ ಹೊರಗ ಬಂದಿಲ್ಲಂದ್ರ, ಪೇಶಂಟಿಗೆ ಶುಗರು, ಇಮ್ಯುನಿಟಿ ಕಡಿಮಿ ಅಂಥಾ ತ್ರಾಸು ಇಲ್ಲಂದ್ರ, ಡ್ರಾಪ್ಸ್ ಮೊದಲು, ಆಂಟಿಬಯೋಟಿಕ್ ಗುಳಿಗಿ ಬ್ಯಾಡ.

ಮತ್ತ ಗುಳಿಗಿ ಅಂದ್ರ ಯಾವ ಗುಳಿಗಿ? ಮನ್ಯಾಗ ಉಳದಿದ್ದ ಅಮಾಕ್ಸಿಸಿಲಿನ್, ಅಜಿಥ್ರೊಮೈಸಿನ್ ನುಂಗಿ ಬರತಾರ, ಸುಡೋಮೊನಾಸ್ ಮ್ಯಾಲ ಅವೆರಡೂ ನಡಿಯಂಗಿಲ್ಲ, ಅಮಾಕ್ಸಿಸಿಲಿನ್ ಜೋಡಿ ಕ್ಲಾವುಲನೇಟ್ ಇದ್ದದ್ದೂ ನಡಿಯಂಗಿಲ್ಲ. ಹೊಟ್ಟಿ ಕೆಡತೈತಿ, ಕಿವಿ ಹಂಗ ಇರತೈತಿ.

ಗುಳಿಗಿ ಬೇಕಾಗೋದು ಯಾವಾಗಂದ್ರ, ಕಿವಿ ಹಾಳಿ ಕೆಂಪಗಾಗಿ ದಪ್ಪ ಆಗಿ ಬಿಸಿ ಹತ್ತಿದ್ರ, ಕೆಂಪು ಗಲ್ಲದ ಕಡೆ ಕುತ್ತಿಗಿ ಕಡೆ ಇಳದಿದ್ರ, ಜ್ವರ ಇದ್ರ, ಕುತ್ತಿಗ್ಯಾಗ ಗಂಟು ಬಂದಿದ್ರ. ಆಗ ಡ್ರಾಪ್ಸ್ ಬಿಟ್ಟು ಗುಳಿಗಿ ಅಂತಲ್ಲ, ಡ್ರಾಪ್ಸ್ ಜೋಡಿ ಗುಳಿಗಿ. ಡಾಕ್ಟರು ಸಿಪ್ರೊಫ್ಲಾಕ್ಸಸಿನ್ ಬರದಿದ್ರ ಹಾಲು, ಮಸರು, ಅಸಿಡಿಟಿ ಔಷಧ, ಕಬ್ಬಿಣದ ಗುಳಿಗಿ ಜೋಡಿ ತಗೋಬ್ಯಾಡ್ರಿ, ಔಷಧ ಮೈಗೆ ಹತ್ತಂಗಿಲ್ಲ. ಶುಗರಿಗೆ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ನುಂಗೋರು ಅದನ್ನ ಡಾಕ್ಟರಿಗೆ ಹೇಳ್ರಿ, ಎರಡೂ ಕೂಡಿದ್ರ ಶುಗರ್ ಒಮ್ಮೆಲೇ ಇಳಿಯೋ ಚಾನ್ಸ್ ಇರತೈತಿ.

ಬ್ಯಾನಿ ಗುಳಿಗಿ ಮಾತ್ರ ಎಲ್ಲಾರಿಗೂ ಬೇಕು. ಮೊದಲಿನ ಒಂದೆರಡು ರಾತ್ರಿ ನಿದ್ದಿ ಬರಲಾರದಂಥಾ ಬ್ಯಾನಿ ಇದು, ಪ್ಯಾರಾಸಿಟಮಾಲ್ ಆಗಲಿ ಐಬುಪ್ರೊಫೆನ್ ಆಗಲಿ ಟೈಮಿಗೆ ಸರಿಯಾಗಿ ತಗೋರಿ, ಕಿಡ್ನಿ ತ್ರಾಸು, ಅಲ್ಸರ್ ಇದ್ದೋರು ಐಬುಪ್ರೊಫೆನ್ ಕಡೆ ಹೋಗಬ್ಯಾಡ್ರಿ.

ಡ್ರಾಪ್ಸ್‌ನ್ಯಾಗ ಯಾವುದು

ಸಿಪ್ರೊಫ್ಲಾಕ್ಸಸಿನ್, ಓಫ್ಲಾಕ್ಸಸಿನ್ ಇವು ಒಂದ ಮನೆತನ, ಸುಡೋಮೊನಾಸ್ ಮ್ಯಾಲ ಛಲೋ ಹೊಡಿತಾವು, ಪಡದಾಕ್ಕ ತೂತಿದ್ರೂ ಕಿವಿ ನರಕ್ಕ ಧಕ್ಕಿ ಇಲ್ಲ, ಸಾದಾ ಬಾಟ್ಲಿ ಜನೌಷಧಿ ಕೇಂದ್ರದಾಗ ಒಂದು ಪ್ಲೇಟ್ ಗಿರ್ಮಿಟ್ ರೊಕ್ಕದ ಆಜುಬಾಜು ಬರತೈತಿ. ಡೆಕ್ಸಾಮೆಥಸೋನ್ ಅನ್ನೋ ಸ್ಟಿರಾಯ್ಡ್ ಕೂಡಿದ್ದು ಸಿಗತೈತಿ, ಬಾವು ಜೋರಿದ್ರ ಅದು ಲಗೂನ ಇಳಸತೈತಿ, ಜೋರಾದ ಹೊರಕಿವಿ ಇನ್ಫೆಕ್ಷನ್‌ಗೆ ಡಾಕ್ಟರು ಹೆಚ್ಚಾಗಿ ಬರಿಯೋದೂ ಇದನ್ನ, ನನ್ನ ವೋಟೂ ಅದಕ್ಕ.

ನಿಯೋಮೈಸಿನ್, ಜೆಂಟಾಮೈಸಿನ್ ಇರೋ ಡ್ರಾಪ್ಸ್ ಕೆಲಸ ಮಾಡತಾವು, ಆದ್ರ ಪಡದಾಕ್ಕ ತೂತಿದ್ರ ಅವು ಒಳಗಿಳದು ಕೇಳಿಸೋ ನರಕ್ಕ ಪೆಟ್ಟು ಕೊಡೋ ಧಾಸ್ತಿ ಐತಿ. ನಿಯೋಮೈಸಿನ್‌ಗೆ ಇನ್ನೊಂದು ಗುಣ ಐತಿ, ಕೆಲವ್ರಿಗೆ ಚರ್ಮಕ್ಕ ಅಲರ್ಜಿ ಆಗತೈತಿ, ಡ್ರಾಪ್ಸ್ ಹಾಕ್ದಂಗ ಹಾಕ್ದಂಗ ಕಿವಿ ಇನ್ನೂ ಕೆಂಪಗಾಗಿ ಕೆರತ ಹೆಚ್ಚಾಗಿ, ಇನ್ಫೆಕ್ಷನ್ ಹೆಚ್ಚಾತು ಅಂತ ತಿಳ್ಕೊಂಡು ಮತ್ತೊಂದಿಷ್ಟು ಹಾಕತಾರ. ಪಡದಾಕ್ಕ ತೂತೈತೋ ಇಲ್ಲೋ ಅಂತ ಮನ್ಯಾಗ ತಿಳಿಯೋದು ಹೆಂಗ? ಡ್ರಾಪ್ಸ್ ಹಾಕಿದ ಮ್ಯಾಲ ಗಂಟಲದಾಗ ಕಹಿ ಬಂತಂದ್ರ ಔಷಧ ಪಡದಾ ದಾಟಿ ಮೂಗಿನ ಹಿಂದ ಇಳದಂಗ, ತಡಾ ಮಾಡಬ್ಯಾಡ್ರಿ, ಹೋಗಿ ತೋರಿಸ್ರಿ.

ಫಂಗಸ್ ಇದ್ರ ಲೆಕ್ಕನ ಬ್ಯಾರೆ. ಬ್ಯಾನಿಗಿಂತ ಕೆರತ ಜಾಸ್ತಿ, ಕಿವಿ ತುಂಬಿದಂಗ, ಡಾಕ್ಟರು ಒಳಗ ನೋಡಿದ್ರ ತೋಯ್ದ ಪೇಪರ್‌ ಮ್ಯಾಲ ಕರಿ ಚುಕ್ಕಿ ಇದ್ದಂಗ ಕಾಣಸತೈತಿ ಅಂತಾರ, ಆ ಕರಿ ಚುಕ್ಕಿ ಆಸ್ಪರ್ಜಿಲಸ್ ನೈಜರ್. ಬೆಳ್ಳಗ ಮಸರಿನ ಗಟ್ಟಿಯಂಥಾದ್ದು ಕ್ಯಾಂಡಿಡಾ. ಆಂಟಿಬಯೋಟಿಕ್ ಡ್ರಾಪ್ಸನ್ನ ವಾರಗಟ್ಟಲೆ ಹಾಕ್ಕೊಂಡು ಕುಂತೋರಿಗೆ ಇದು ಬರೋದು ಭಾಳ ಸಾಮಾನ್ಯ, ಅದ ಡ್ರಾಪ್ಸ್ ಮುಂದುವರಿಸಿದ್ರ ಫಂಗಸ್‌ಗೆ ಇನ್ನೂ ಆರಾಮ. ಇಲ್ಲಿ ಕ್ಲೀನ್ ಮಾಡಿಸಿ 1% ಕ್ಲೋಟ್ರಿಮಝೋಲ್ ಅನ್ನೋ ಫಂಗಸ್ ಡ್ರಾಪ್ಸ್, ಅದೂ ಕೆರತ ನಿಂತ ಮ್ಯಾಲೂ ಡಾಕ್ಟರು ಹೇಳಿದಷ್ಟು ದಿವಸ, ಸಾಮಾನ್ಯವಾಗಿ ಎರಡು ವಾರ. ಇನ್ನ ಆಂಟಿಬಯೋಟಿಕ್, ಫಂಗಸ್ ಔಷಧ, ಸ್ಟಿರಾಯ್ಡ್, ಸುನ್ನ ಮಾಡೋ ಔಷಧ ಎಲ್ಲಾ ಒಂದ ಬಾಟ್ಲಿಯೊಳಗ ಇರೋ ಕಾಂಬಿನೇಶನ್ ನಮ್ಮ ಅಂಗಡಿಯೊಳಗ ಜೋರು ಹೋಗತಾವು. ನಂಗ ವ್ಯಾಪಾರ ಛಲೋ, ಆದ್ರ ಖರೇ ಹೇಳಬೇಕಂದ್ರ ಏನಾಗೇತಿ ಅಂತ ಗೊತ್ತಿಲ್ಲದ ಎಲ್ಲಾ ಕಡೆ ಗುಂಡು ಹಾರಿಸೋ ಔಷಧ ಅದು, ಬ್ಯಾನಿ ಮರೆಮಾಚಿ ಒಳಗ ಬ್ಯಾರೆ ಏನರ ಬೆಳಿಯಾಕ ಟೈಮ್ ಕೊಡತೈತಿ.

ಹಾಕೋ ರೀತಿ ಸರಿ ಇಲ್ಲಂದ್ರ ಯಾವ ಡ್ರಾಪ್ಸೂ ವೇಸ್ಟ್. ಬಾಟ್ಲಿ ಮುಷ್ಟಿಯೊಳಗ ಹಿಡ್ಕೊಂಡು ಮೈ ಬಿಸಿಗೆ ತರ್ರಿ, ತಣ್ಣಗಿದ್ದಂಗ ಹಾಕಿದ್ರ ತಲಿ ಗಿರ್ ಅನ್ನತೈತಿ. ಮಗ್ಗಲ ಮಲಕೊಂಡು ಹಾಕಿಸ್ಕೊಂಡು, ಮುಂದಿನ ಗಡ್ಡಿ ನಾಕೈದು ಸಲ ಮೆಲ್ಲಕ ಒತ್ತಿ ಬಿಟ್ಟು ಮಾಡಿ, ಐದು ನಿಮಿಷ ಹಂಗ ಮಲಕೋರಿ. ನಿಂತಕೊಂಡು ಎರಡು ಹನಿ ಹಾಕಿ ಕಿವಿ ಬಗ್ಗಿಸಿದ್ರ ಔಷಧ ಅಂಗಿ ಕಾಲರ್‌ಗೆ ಹತ್ತತೈತಿ.

ಕ್ಲೀನಿಂಗ್ ಮತ್ತ ಬತ್ತಿ

ಇಲ್ಲಿಗೆ ಬರಾಕ ಇಷ್ಟೆಲ್ಲಾ ಹೇಳಿದೆ. ಬಾವು ಬಂದು ತೂತು ಮುಚ್ಚಿದಂಗಾಗಿರತೈತಿ, ಇಲ್ಲಂದ್ರ ಕೀವು ಸತ್ತ ಚರ್ಮ ಎಲ್ಲಾ ಗಚ್ಚಾಗಿ ಕುಂತಿರತೈತಿ, ಅದರ ಮ್ಯಾಲ ಎಂಥಾ ತುಟ್ಟಿ ಡ್ರಾಪ್ಸ್ ಹಾಕಿದ್ರೂ ಬಾಗಲಾಗ ನಿಲ್ಲತೈತಿ. ಮೂರು ದಿನ ಡ್ರಾಪ್ಸ್ ಹಾಕಿದ್ರೂ ಕಡಿಮಿ ಆಗಿಲ್ಲ, ಬ್ಯಾರೆ ಸ್ಟ್ರಾಂಗ್ ಕೊಡ್ರಿ ಅಂತ ಬರೋರಿಗೆ ಸ್ಟ್ರಾಂಗ್ ಡ್ರಾಪ್ಸ್‌ಕಿಂತ ಮೊದಲ ಬೇಕಾಗಿರೋದು ಇ.ಎನ್.ಟಿ. ಡಾಕ್ಟರ್ ಕುರ್ಚಿ.

ಅಲ್ಲಿ ಮಾಡೋದಿಷ್ಟ. ಮೈಕ್ರೊಸ್ಕೋಪ್ ಇಟ್ಟು ಸಣ್ಣ ಕೊಳವಿಯಿಂದ ಸಕ್ಷನ್ ಹಚ್ಚಿ ಒಳಗಿನ ಗಲೀಜು ಎಳಕೋತಾರ, ಕಿವ್ಯಾಗ ಮಿಕ್ಸಿ ಚಾಲೂ ಮಾಡಿದಂಥಾ ಸಪ್ಪಳ ಬರತೈತಿ, ಕೆಲವ್ರಿಗೆ ತಲಿ ತಿರಗತೈತಿ, ಹೆದರೋದೇನಿಲ್ಲ. ಆಮ್ಯಾಲ ತೂತು ಭಾಳ ಸಣ್ಣ ಆಗಿದ್ರ ತೆಳ್ಳನ ಬತ್ತಿ ತೂರಸತಾರ. ಎರಡು ನಮೂನಿ ಅದಾವ. ಒಂದು ಸ್ಪಂಜಿನಂಥಾ ರೆಡಿಮೇಡ್ ಬತ್ತಿ, ಒಣಗಿದ್ದಾಗ ಗಟ್ಟಿ ಕಡ್ಡಿಯಂಗ ಇರತೈತಿ, ಒಳಗಿಟ್ಟು ಡ್ರಾಪ್ಸ್ ಬಿಟ್ಟಕೂಡಲೇ ಉಬ್ಬಿ ಗ್ವಾಡಿಗೆ ಹತ್ತಿ ಔಷಧನ ಪೂರ್ತಿ ಒಳಗಿನತನಕ ಒಯ್ಯತೈತಿ. ಇನ್ನೊಂದು ಹಳೇ ಪದ್ಧತಿದು, ರಿಬ್ಬನ್ ಗಾಜ್ ಪಟ್ಟೀನ ಇಕ್ತಮಾಲ್ ಗ್ಲಿಸರಿನ್‌ನ್ಯಾಗ ಎದ್ದಿ ತುಂಬತಾರ, ಕರ್ರಗ ಡಾಂಬರ್ ವಾಸನಿ ಬರೋ ಔಷಧ, ಅದರಾಗಿನ ಗ್ಲಿಸರಿನ್ ಬಾವಿನ್ಯಾಗಿನ ನೀರು ಜಗ್ಗತೈತಿ. ತೂರಸೋ ಅರ್ಧ ನಿಮಿಷ ಕಣ್ಣಾಗ ನೀರು ಬರತೈತಿ, ಸುಳ್ಳ ಹೇಳಂಗಿಲ್ಲ, ಆದ್ರ ಮರುದಿನಕ್ಕ ಬ್ಯಾನಿ ಇಳದು ಪೇಶಂಟು ನಿದ್ದಿ ಮಾಡಿ ಎದ್ದಿರತಾನ. ರಾತ್ರಿ ತಲಿದಿಂಬಿಗೆ ಹಳೇ ಟಾವೆಲ್ ಹಾಸ್ರಿ, ಆ ಕರಿ ಕಲಿ ಹೋಗಂಗಿಲ್ಲ.

ಯಾವ ಬತ್ತಿ ಛಲೋ? ಸ್ಪಂಜಿಂದು ತುಟ್ಟಿ ಆದ್ರ ಹಾಕಾಕ ಸಲೀಸು, ದಿನಾ ಡ್ರಾಪ್ಸ್ ಮುಂದುವರಿಸಬಹುದು. ಗಾಜ್ ಪಟ್ಟಿ ಅಗ್ಗ, ಆದ್ರ ಒಂದೆರಡು ದಿವಸಕ್ಕ ಬದಲಿ ಮಾಡಿಸಾಕ ಮತ್ತ ಹೋಗಬೇಕು. ಹಳ್ಳಿಯಿಂದ ಬರೋರಿಗೆ ಈ ಓಡಾಟನ ದೊಡ್ಡ ಖರ್ಚು, ಹಿಂಗಾಗಿ ನಮಗ ದಿನಾ ಬರಾಕ ಆಗಂಗಿಲ್ರಿ ಅಂತ ಮೊದಲ ಬಾಯಿ ಬಿಟ್ಟು ಹೇಳ್ರಿ, ಅದನ್ನ ನೋಡಿ ಅವರು ಆರಿಸತಾರ.

ಮನಿ ಔಷಧದ ಬಗ್ಗೆ ಉದ್ದ ಬರಿಯೂದಿಲ್ಲ. ಬಳ್ಳೊಳ್ಳಿ ಹಾಕಿ ಕಾಸಿದ ಎಣ್ಣಿ ಹದಗೆಟ್ಟ ಚರ್ಮ ಸುಡತೈತಿ, ಫಂಗಸ್ ಇದ್ರ ಎಣ್ಣಿ ಅದಕ್ಕ ಊಟ, ಬಸ್ ಸ್ಟ್ಯಾಂಡ್ ಹತ್ರ ಕಿವಿ ಕ್ಲೀನ್ ಮಾಡೋರ ಸಲಾಕಿ ಒಬ್ಬರ ಕಿವಿಯಿಂದ ಇನ್ನೊಬ್ಬರ ಕಿವಿಗೆ ಹೋಗತೈತಿ. ಮನಿ ಉಪಚಾರದಾಗ ನಾ ಒಪ್ಪೋದು ಅಂದ್ರ ಹೊರಗಿನಿಂದ ಬಿಸಿ ಬಟ್ಟಿ ಶಾಖ ಒಂದ.

ಕೀವುಗುಳ್ಳಿ ಆದ್ರ, ಅಂದ್ರ ತೂತಿನ ಬಾಯಾಗ ಕೂದಲಿರೋ ಜಾಗದಾಗ ಒಂದ ಕಡೆ ಗಡ್ಡಿ ಕಟ್ಟಿದ್ರ, ಅದು ಸ್ಟೆಫೈಲೊಕಾಕಸ್ ಕೆಲಸ, ಶಾಖ, ಬತ್ತಿ, ಅದಕ್ಕ ಹೊಂದೋ ಗುಳಿಗಿ, ಕೀವು ತುಂಬಿ ಮಾಗಿದ್ರ ಡಾಕ್ಟರು ಸಣ್ಣಗೆ ಕೊಯ್ದು ತಗೀತಾರ, ನೀವು ಹಿಚಕಬ್ಯಾಡ್ರಿ. ಕಿವಿ ಮ್ಯಾಲಿನ ಭಾಗಕ್ಕ ಫ್ಯಾಶನ್ ಅಂತ ಚುಚ್ಚಿಸ್ಕೊಂಡು ಅದು ಬಾತು, ಕೆಳಗಿನ ಹಾಲೆ ಒಂದ ಬಿಟ್ಟು ಉಳದದ್ದೆಲ್ಲ ಕೆಂಪಾಗಿದ್ರ ಅದು ಕಿವಿಯೊಳಗಿನ ಮೆತ್ತನ ಎಲುಬಿನ (ಕಾರ್ಟಿಲೇಜ್) ಇನ್ಫೆಕ್ಷನ್, ಅದಕ್ಕ ಡ್ರಾಪ್ಸ್ ಅಲ್ಲ, ಅವತ್ತ ಗುಳಿಗಿ ಇಲ್ಲಾ ಇಂಜೆಕ್ಷನ್, ಕೀವು ತುಂಬಿದ್ರ ಆಪರೇಶನ್, ತಡಾ ಆದ್ರ ಕಿವಿ ಆಕಾರ ಖಾಯಂ ಮುದುಡತೈತಿ. ಕಿವಿ ಸುತ್ತ ನೀರುಗುಳ್ಳಿ ಎದ್ದು ಬಾಯಿ ಸೊಟ್ಟ ಆದ್ರ ಅದು ಸರ್ಪಸುತ್ತಿನ ವೈರಸ್, ಆಂಟಿಬಯೋಟಿಕ್ ಕೆಲಸಕ್ಕ ಬರಂಗಿಲ್ಲ, ಮೂರು ದಿನದ ಒಳಗ ವೈರಸ್ ಔಷಧ ಚಾಲೂ ಆಗಬೇಕು.

ಶುಗರ್ ಇದ್ದ ಹಿರೇರಿಗೆ ಮ್ಯಾಲಿಂದ್ಯಾವುದೂ ಅಲ್ಲ

ಮನ್ಯಾಗ ಅರವತ್ತು ದಾಟಿದ ಶುಗರ್ ಪೇಶಂಟ್ ಇದ್ದು ಕಿವಿ ಬ್ಯಾನಿ ಅಂದ್ರ ಮ್ಯಾಲಿನ ಹೋಲಿಕಿ ಎಲ್ಲಾ ಬದಿಗಿಡ್ರಿ. ಸುಡೋಮೊನಾಸ್ ಅವರಲ್ಲಿ ಚರ್ಮ ದಾಟಿ ಎಲುಬಿಗೆ ಇಳದು ತಲಿಬುರುಡಿ ಬುಡದತನಕ ಹರಡಬಹುದು. 1959ರಾಗ ಇಂಥಾದೊಂದು ಕೇಸು ಮೊದಲ ಸಲ ವೈದ್ಯಕೀಯ ಪತ್ರಿಕೆಯೊಳಗ ಬಂತು, 1968ರಾಗ ಚಾಂಡ್ಲರ್ ಅನ್ನೋ ಡಾಕ್ಟರು ಅದಕ್ಕ ಮಾಲಿಗ್ನಂಟ್ ಅಂತ ಹೆಸರಿಟ್ರು, ಕ್ಯಾನ್ಸರ್ ಅಲ್ಲ, ಆದ್ರ ಆಗಿನ ಕಾಲಕ್ಕ ಅಷ್ಟ ಮಂದೀನ ಕೊಲ್ಲತಿತ್ತು ಅಂತ. ಈಗ ನೆಕ್ರೊಟೈಸಿಂಗ್, ಅಂದ್ರ ಮಾಂಸ ಎಲುಬು ಸಾಯಿಸೋದು, ಅಂತ ಕರೀತಾರ.

ಗುರ್ತು ಹೆಂಗಂದ್ರ, ಹೊರಗ ನೋಡಿದ್ರ ಅಂಥಾದ್ದೇನೂ ಕಾಣಂಗಿಲ್ಲ, ಬ್ಯಾನಿ ಮಾತ್ರ ವಿಪರೀತ, ರಾತ್ರಿ ಹೆಚ್ಚು, ದವಡಿತನಕ ತಲಿತನಕ ಎಳಿತೈತಿ, ವಾರಗಟ್ಟಲೆ ಡ್ರಾಪ್ಸ್ ಹಾಕಿದ್ರೂ ಸೋರೋದು ನಿಲ್ಲಂಗಿಲ್ಲ. ಡಾಕ್ಟರು ಒಳಗ ನೋಡಿದ್ರ ಕೊಳವಿ ತಳದಾಗ ಕೆಂಪನೆ ಮಾಂಸದ ಗಡ್ಡಿ ಬೆಳದಿರತೈತಿ. ಮುಂದ ಮುಖದ ನರಕ್ಕ ಹತ್ತಿತಂದ್ರ ಬಾಯಿ ಸೊಟ್ಟ, ಕಣ್ಣು ಮುಚ್ಚಾಕ ಆಗಂಗಿಲ್ಲ, ನಮ್ಮ ಮಂದಿ ಲಕ್ವಾ ಹೊಡೀತು ಅಂತ ತಿಳ್ಕೊಂಡು ನಾಟಿ ಔಷಧಕ್ಕ ಒಯ್ದು ಇದ್ದ ಟೈಮೂ ಕಳಿತಾರ. ಸೋರೋ ಕಿವಿ ಜೋಡಿ ಬಾಯಿ ಸೊಟ್ಟ ಆದ್ರ ಅದು ಇ.ಎನ್.ಟಿ. ಎಮರ್ಜೆನ್ಸಿ.

ಇಲ್ಲಿ ಆಯ್ಕೆ ಇರೋದು ಅಡ್ಮಿಟ್ ಆಗಿ ಇಂಜೆಕ್ಷನ್ನೋ, ಗುಳಿಗಿಯೋ ಅನ್ನೋದರಾಗ. ಶುರುವಿನ್ಯಾಗ ಸಿಕ್ಕ್ರ ಸಿಪ್ರೊಫ್ಲಾಕ್ಸಸಿನ್ 750 ಮಿಲಿಗ್ರಾಂ ದಿನಕ್ಕ ಎರಡು ಸಲ ಕೊಟ್ಟು ನೋಡೋದೈತಿ, ಆದ್ರ ಈ ಔಷಧಕ್ಕ ಬಗ್ಗದ ಸುಡೋಮೊನಾಸ್ ಈಗ ಸಿಗಾಕತ್ತಾವು, ಅದಕ್ಕ ಮೊದಲ ಕೀವು ಕಲ್ಚರಿಗೆ (ಯಾವ ಬ್ಯಾಕ್ಟೀರಿಯಾ, ಯಾವ ಔಷಧಕ್ಕ ಬಗ್ಗತೈತಿ ಅಂತ ನೋಡೋ ಟೆಸ್ಟಿಗೆ) ಕಳಿಸಿ ಆಮ್ಯಾಲ ಔಷಧ ಚಾಲೂ ಮಾಡೋದು ಛಲೋ. ಮುಂದುವರದಿದ್ರ, ನರಕ್ಕ ಹತ್ತಿದ್ರ, ಸೆಫ್ಟಾಜಿಡೈಮ್ ಇಲ್ಲಾ ಪಿಪರಾಸಿಲಿನ್-ಟಾಜೊಬ್ಯಾಕ್ಟಮ್ ಅಂಥಾವು ಸಲೈನ್ ಮುಖಾಂತರನ ಹೋಗಬೇಕು. ಎರಡರಾಗೂ ಒಟ್ಟು ಕೋರ್ಸ್ ಆರು ವಾರಕ್ಕ ಕಡಿಮಿ ಇರಂಗಿಲ್ಲ. ಹದಿನೈದು ದಿನಕ್ಕ ಬ್ಯಾನಿ ಹೋತು ಅಂತ ಬಿಟ್ಟು ಮನಿಗೆ ಹೋದ್ರ ಎಲುಬಿನ್ಯಾಗ ಉಳದದ್ದು ಮತ್ತ ಎದ್ದ ಏಳತೈತಿ. ಮಾಂಸದ ಗಡ್ಡಿಯಿಂದ ಒಂದು ಚೂರು ಬಯಾಪ್ಸಿಗೆ ಕಳಸತಾರ, ಹೆದರಬ್ಯಾಡ್ರಿ, ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡಾಕ. ಸಿಟಿ ಎಲುಬು ಸವದದ್ದು ತೋರಸತೈತಿ, ಎಮ್ಮಾರೈ ಸುತ್ತಲಿನ ಮಾಂಸದಾಗ ಎಲ್ಲಿತನಕ ಹರಡೇತಿ ಅನ್ನೋದನ್ನ. ಶುಗರ್ ಕಂಟ್ರೋಲ್ ಇಲ್ಲಂದ್ರ ಇವೆಲ್ಲಾ ನೀರಾಗ ಹೋಮ, ಇನ್ಸುಲಿನ್ ಅಂದಕೂಡಲೇ ಬ್ಯಾಡ ಅನಬ್ಯಾಡ್ರಿ. ಮತ್ತ ಶುಗರ್ ಇದ್ದ ಹಿರೇರ ಕಿವಿಗೆ ಗುಗ್ಗಿ ತಗಿಯಾಕ ನೀರಿನ ಪಿಚಕಾರಿ ಹೊಡಸಬಾರದು, ಈ ರೋಗ ಶುರು ಆಗಾಕ ಅದೂ ಒಂದು ಕಾರಣ.

ಎಲ್ಲಿಗೆ ಹೋಗೋದು

ಸಾದಾ ಕೇಸಿಗೆ ಓಣ್ಯಾಗಿನ ಇ.ಎನ್.ಟಿ. ಕ್ಲಿನಿಕ್ ಸಾಕು, ಲಗೂ ಆಗತೈತಿ, ಸಂಜಿಗೂ ಸಿಗತಾರ. ರೊಕ್ಕದ ತ್ರಾಸಿದ್ರ ಧಾರವಾಡ ಜಿಲ್ಲಾ ಆಸ್ಪತ್ರಿ, ಗದಗದಾಗ ಸರಕಾರಿ ಮೆಡಿಕಲ್ ಕಾಲೇಜು ಜಿಮ್ಸ್, ಹಾವೇರಿಯೊಳಗ ಅಲ್ಲಿನ ವೈದ್ಯಕೀಯ ಕಾಲೇಜು, ಮುಂಜಾನೆ ಓಪಿಡಿಗೆ ಲಗೂನ ಹೋಗಿ ಚೀಟಿ ಮಾಡಿಸ್ರಿ. ಎಲುಬಿಗೆ ಹತ್ತಿದ ಕೇಸಿಗೆ ಮಾತ್ರ ಸ್ಕ್ಯಾನ್, ಕಲ್ಚರ್ ಲ್ಯಾಬ್, ಶುಗರ್ ಡಾಕ್ಟರ್ ಎಲ್ಲಾ ಒಂದ ಕಡೆ ಇರಬೇಕು, ಹುಬ್ಬಳ್ಳಿ ವಿದ್ಯಾನಗರದ ಸರಕಾರಿ ದೊಡ್ಡ ದವಾಖಾನಿ ಕಿಮ್ಸ್ (ಈಗಿನ ಹೆಸರು ಕೆಎಂಸಿ-ಆರ್‌ಐ) ಆಗಲಿ, ಧಾರವಾಡ ಸತ್ತೂರಿನ ಪ್ರೈವೇಟ್ ಮೆಡಿಕಲ್ ಕಾಲೇಜು ಎಸ್‌ಡಿಎಂ ಆಗಲಿ, ಎರಡೂ ಹುಬ್ಬಳ್ಳಿ-ಧಾರವಾಡ ಚಿಗರಿ ಬಸ್ಸಿನ ದಾರಿ ಮ್ಯಾಲ ಅದಾವ. ಆಯುಷ್ಮಾನ್ ಕಾರ್ಡ್ ಇದ್ರ ಜೋಡಿ ಒಯ್ಯರಿ, ಬಿಪಿಎಲ್ ಮನಿಗೆ ವರ್ಷಕ್ಕ 5 ಲಕ್ಷದತನಕ ಐತಿ, ಪ್ರೈವೇಟಿಗೆ ಹೋಗೋದಿದ್ರ ಸರಕಾರಿ ದವಾಖಾನಿ ರೆಫರಲ್ ಮೊದಲ ಕೇಳ್ರಿ. ಗದಗ, ಹಾವೇರಿ ಕಡೆಯೋರು ಆರು ವಾರ ಹುಬ್ಬಳ್ಳಿಯೊಳಗ ಕೂಡಬೇಕಾಗತೈತಿ ಅಂತ ಗಾಬರಿ ಆಗತಾರ, ಬ್ಯಾನಿ ಹತೋಟಿಗೆ ಬಂದ ಮ್ಯಾಲ ಉಳದ ಇಂಜೆಕ್ಷನ್ ನಮ್ಮೂರ ಹತ್ರ ಕೊಡಸಬಹುದಾ ಅಂತ ಕೇಳ್ರಿ, ಕೆಲವು ಕೇಸಿಗೆ ಒಪ್ಪತಾರ.

ಟ್ರೀಟ್‌ಮೆಂಟ್ ನಡೆದಾಗ ಕಿವಿಗೆ ನೀರು ಹೋಗಬಾರದು, ತಲಿ ಮ್ಯಾಲ ಜಳಕ ಮಾಡೋದಿದ್ರ ಅರಳಿಗೆ ವ್ಯಾಸಲಿನ್ ಸವರಿ ಕಿವಿ ಬಾಯಿಗೆ ಇಟ್ಕೋರಿ, ಜಳಕ ಆದಕೂಡಲೇ ತಗದ ಒಗೀರಿ. ಇಯರ್‌ಫೋನ್, ಹಿಯರಿಂಗ್ ಏಡ್ ಸ್ವಲ್ಪ ದಿವಸ ಬಂದ್. ಡ್ರಾಪ್ಸ್ ಚಾಲೂ ಮಾಡಿ ಎರಡ್ಮೂರು ದಿನಕ್ಕ ಬ್ಯಾನಿ ಇಳಿಬೇಕು, ಇಳಿಲಿಲ್ಲಂದ್ರ ಅಂಗಡಿಗೆ ಬರಬ್ಯಾಡ್ರಿ, ಡಾಕ್ಟರ್ ಕಡೆ ಹೋಗ್ರಿ. ಇಳಿದ್ರೂ ಹೇಳಿದಷ್ಟು ದಿವಸ, ಏಳರಿಂದ ಹತ್ತು ದಿವಸ, ಪೂರ್ತಿ ಹಾಕ್ರಿ. ಬಾಟ್ಲಿ ಒಡದ ತಾರೀಖು ಅದರ ಮ್ಯಾಲ ಬರದಿಟ್ಟು ತಿಂಗಳಾದ ಮ್ಯಾಲ ಒಗೀರಿ, ಪಕ್ಕದ ಮನಿಯೋರಿಗೆ ದಾನ ಮಾಡಬ್ಯಾಡ್ರಿ. ಬತ್ತಿ ಹಾಕಿಸ್ಕೊಂಡೋರು ತಗಸಾಕ ಹೇಳಿದ ದಿನ ತಪ್ಪದ ಹೋಗ್ರಿ, ಬ್ಯಾನಿ ಹೋತು ಅಂತ ಮರತು ಕುಂತ್ರ ಆ ಬತ್ತೀನ ಒಳಗ ಕೊಳತು ಮತ್ತ ಮೊದಲಿಂದ ಚಾಲೂ ಆಗತೈತಿ.